ಉಗುಳಿನ ಕಿಟ್ ಆಮೇಲೆ, ಮೊದಲು ಎಚ್‌ಪಿಎಲ್‌ಸಿ ರಕ್ತಪರೀಕ್ಷೆ

ಡೊಂಬಿವಲಿಯ ಓದುಗರೊಬ್ಬರ ಪತ್ರ: ಮಗನಿಗೆ ಮುಲುಂಡಿನ ಕಚ್ಛಿ ಮನೆತನದ ಹುಡುಗಿ ಗೊತ್ತಾಗಿದೆ. ಹುಡುಗಿಗೆ ಥಲಸೇಮಿಯಾ ಮೈನರ್ ಇದೆಯೆಂದು ಅವರ ಮನೆಯವರೇ ಹೇಳಿದರು. ನಮ್ಮ ಕನ್ನಡದವರಲ್ಲಿ ಇದೆಲ್ಲ ಇಲ್ಲವಲ್ಲ? ಮಗ ಆನ್‌ಲೈನಿನಲ್ಲಿ ಉಗುಳಿನ ಡಿಎನ್‌ಎ ಕಿಟ್ ತರಿಸುತ್ತಾನಂತೆ, ಸಾಕೇ? ಹೇಗೂ ಜೀನ್ ಎಡಿಟಿಂಗ್ ಬಂದಿದೆಯಲ್ಲ?

ಸಂಪಾದಕರ ಉತ್ತರ: ಮುಚ್ಚಿಡದೆ ಹೇಳುವ ಬೀಗರು ಸಿಕ್ಕಿದ್ದಾರೆ, ಸಣ್ಣ ಮಾತಲ್ಲ. ಮೈನರ್ ಎಂದರೆ ಕಾಯಿಲೆಯಲ್ಲ. ರಕ್ತದ ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಎರಡು ಬೀಟಾ ಗ್ಲೋಬಿನ್ ಜೀನ್‌ಗಳಲ್ಲಿ ಒಂದರಲ್ಲಿ ದೋಷವಿದೆ, ಅಷ್ಟೆ. ನಿಮ್ಮ ಮಗನೂ ಮೈನರ್ ಆಗಿದ್ದರೆ ಚಿಂತೆ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್, ಅಂದರೆ ಬದುಕಿಡೀ ರಕ್ತ ಏರಿಸಬೇಕಾದ ತೀವ್ರ ರೂಪ, ಬರುವ ಸಂಭವ ಶೇ. 25. ಸಿಂಧಿ, ಲೋಹಾಣ, ಭಾನುಶಾಲಿ ಸಮುದಾಯಗಳಲ್ಲಿ ಈ ದೋಷ ಹೆಚ್ಚು, ನಿಜ. ಹಾಗೆಂದು ನಮ್ಮವರಲ್ಲಿ ಇಲ್ಲವೇ ಇಲ್ಲ ಎನ್ನಲು ಬರುವುದಿಲ್ಲ.

ಕಿಟ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಅಗ್ಗದ ಕಿಟ್‌ಗಳಲ್ಲಿ ಬಹುಪಾಲು ಚಿಪ್ ಆಧಾರಿತ. ಮೊದಲೇ ಆಯ್ದಿಟ್ಟ ಜಾಗಗಳನ್ನು ಮಾತ್ರ ನೋಡುತ್ತವೆ. ಸಿಂಧಿ, ಕಚ್ಛಿಗಳಲ್ಲಿ ಹೆಚ್ಚಾಗಿ ಕಾಣುವ ಒಂದು ದೋಷದಲ್ಲಿ ಡಿಎನ್‌ಎಯ 619 ಅಕ್ಷರಗಳ ತುಂಡೇ ಹಾರಿಹೋಗಿರುತ್ತದೆ. ಒಂದೊಂದೇ ಅಕ್ಷರ ನೋಡುವ ಚಿಪ್‌ಗೆ ಅದು ತಪ್ಪಿಹೋಗಬಹುದು; ವರದಿಯಲ್ಲಿ ಮಾತ್ರ ‘ದೋಷವಿಲ್ಲ’ ಎಂದು ಬರುತ್ತದೆ.

ಮಗನಿಗೆ ಸಿಬಿಸಿ (ರಕ್ತಕಣಗಳ ಎಣಿಕೆ), ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಎರಡನ್ನೂ ಮಾಡಿಸಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು ಮೂರು ಮಿಲಿ ರಕ್ತ ಸಾಕು, ಖಾಲಿ ಹೊಟ್ಟೆ ಬೇಕಿಲ್ಲ. ಹಿಂದಿನ ಮೂರು ನಾಲ್ಕು ತಿಂಗಳಲ್ಲಿ ರಕ್ತ ಏರಿಸಿಕೊಂಡಿದ್ದರೆ ಸದ್ಯಕ್ಕೆ ಬೇಡ, ಫಲಿತಾಂಶ ಕೆಡುತ್ತದೆ. ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 80ಕ್ಕಿಂತ, ಎಂಸಿಎಚ್ (ಕಣವೊಂದರಲ್ಲಿರುವ ಸರಾಸರಿ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆಯಿದ್ದು ಎಚ್‌ಬಿಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಶೇ. 4 ದಾಟಿದರೆ ಮೈನರ್ ಎಂದೇ ಲೆಕ್ಕ. ತೊಡಕು ಬರುವುದು 3.5ರಿಂದ 4ರ ನಡುವೆ. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ2 ಇಳಿದು ಮೈನರ್ ಮರೆಯಾಗಬಹುದು. ಬಿ12 ಕೊರತೆಯಲ್ಲಿ ತದ್ವಿರುದ್ಧ: ಎಚ್‌ಬಿಎ2 ತುಸು ಏರುತ್ತದೆ, ಎಂಸಿವಿಯೂ ಏರಿ ಲೆಕ್ಕ ತಪ್ಪಿಸುತ್ತದೆ. ಸಸ್ಯಾಹಾರಿ ಮನೆಯವರು ಇದನ್ನು ಗಮನಿಸಬೇಕು. ಇಂಥ ಅಂಚಿನ ಫಲಿತಾಂಶ ಬಂದಾಗ ಉಗುಳಿನ ಕಿಟ್ ಅಲ್ಲ, ಪ್ರಯೋಗಾಲಯದ ಡಿಎನ್‌ಎ ಪರೀಕ್ಷೆಯೇ ದಾರಿ. ಪರೇಲಿನ ಕೆಇಎಂ ಆವರಣದಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಿದೆ. ಈ ಕೆಲಸದಲ್ಲಿ ಅವರದು ಪಳಗಿದ ಕೈ.

ಮಗನೂ ಮೈನರ್ ಎಂದಾದರೆ ಮದುವೆ ಮುರಿಯಬೇಕಿಲ್ಲ. ಇಬ್ಬರ ದೋಷವೂ ಯಾವುದೆಂದು ಬಸಿರಿಗೆ ಮೊದಲೇ ಗುರುತಿಸಿಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಐದು ಬಗೆಯ ದೋಷಗಳೇ ಬಹುಪಾಲು. ಅವುಗಳಲ್ಲಿ ಸಿಗದಿದ್ದರೆ ಇಡೀ ಜೀನನ್ನು ಓದಿಸಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. 10-12ನೇ ವಾರದಲ್ಲಿ ಗರ್ಭದ ಮಾಸಿನ ಚೂರು ತೆಗೆದು ಮಗುವಿಗೆ ಮೇಜರ್ ಇದೆಯೇ ಎಂದು ನೋಡುವ ಸಿವಿಎಸ್ ಪರೀಕ್ಷೆಗೆ ಈ ಮಾಹಿತಿ ಕೈಯಲ್ಲಿರಲೇಬೇಕು.

ಇನ್ನು ಜೀನ್ ಎಡಿಟಿಂಗ್. ಕ್ಯಾಸ್‌ಜೆವಿ ಎಂಬ ಜೀನ್ ಎಡಿಟಿಂಗ್ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಥಲಸೇಮಿಯಾಕ್ಕೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2024ರ ಜನವರಿಯಲ್ಲಿ. ಸೊಗಸಾದ ವಿಜ್ಞಾನ: ಕೆಟ್ಟ ಜೀನಿನ ತಂಟೆಗೆ ಹೋಗದೆ ಬಿಸಿಎಲ್11ಎ ಎಂಬ ಇನ್ನೊಂದು ಜೀನಿನ ಸ್ವಿಚ್ಚನ್ನು ಕತ್ತರಿಸುತ್ತಾರೆ. ಹುಟ್ಟಿದ ಮೇಲೆ ನಿಂತುಹೋಗುವ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗತೊಡಗುತ್ತದೆ. ಆದರೆ ಅದಕ್ಕೆ ಮೊದಲು ಬುಸಲ್ಫಾನ್ ಎಂಬ ಕೀಮೋ ಕೊಟ್ಟು ಮಜ್ಜೆಯನ್ನು ಬರಿದು ಮಾಡಬೇಕು, ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು, ಮುಂದೆ ಮಕ್ಕಳಾಗದ ಅಪಾಯವೂ ಇದೆ. ಆಗ ಸಿಕ್ಕ ಒಪ್ಪಿಗೆ 12 ವರ್ಷ ತುಂಬಿದವರಿಗೆ, ಆಗಿನ ಅಮೆರಿಕದ ದರ 22 ಲಕ್ಷ ಡಾಲರ್. ಇದನ್ನು ನೆಚ್ಚಿಕೊಂಡು ಒಂದು ರಕ್ತಪರೀಕ್ಷೆ ಬಿಡುವುದು ನಮಗೆ ಸರಿ ಕಾಣದು.

ಹುಡುಗಿಗೂ ಒಂದು ಮಾತು ತಿಳಿಸಿ. ಹಿಮೋಗ್ಲೋಬಿನ್ 10ರ ಆಸುಪಾಸು ಕಂಡ ಕೂಡಲೆ ಕಬ್ಬಿಣದ ಮಾತ್ರೆ ಬರೆದುಕೊಡುವುದುಂಟು. ಮೈನರ್ ಇದ್ದವರು ಮೊದಲು ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿಸಬೇಕು. ಅದು ಕಡಿಮೆಯಿದ್ದರೆ ಮಾತ್ರ ಮಾತ್ರೆ.