ಪರ್ಮಿಟ್ ಇಲ್ಲದ ರೂಮು, ಸ್ವಲ್ಪ ನೋಡಿ ತಗೋ ತಮ್ಮಾ

ತಮ್ಮಾ, ಟೆಕ್ಸಾಸ್‌ಗೆ ಬಂದು ವರ್ಷ ತುಂಬುವ ಮೊದಲೇ ಮನೆ ನೋಡುತ್ತಿದ್ದೀಯ, ಖುಷಿ ಆಯಿತು. ಗ್ಯಾರೇಜನ್ನೇ ರೂಮ್ ಮಾಡಿಸಿರುವ ಹಳೆ ಮನೆ, ರೇಟೂ ಕಡಿಮೆ, ಗದಗದಿಂದ ಅಪ್ಪ ಅಮ್ಮ ಬಂದರೆ ಇರೋಕೆ ಆಗುತ್ತೆ, ತಗೊಳ್ಳಲಾ ಅಣ್ಣಾ ಅಂತ ಕೇಳಿದ್ದೀಯ. ಆ ರೂಮಿಗೆ ಸಿಟಿಯ ಪರ್ಮಿಟ್ ಇದೆಯಾ? ಮೊದಲು ಅದನ್ನು ನೋಡು, ಉಳಿದದ್ದು ಆಮೇಲೆ.

ನಮ್ಮ ಹುಬ್ಬಳ್ಳಿ ಕಡೆ ಹೇಗೆ ಅಂತ ಗೊತ್ತಲ್ಲ. ಪಾಲಿಕೆಗೆ ಒಂದು ನಕ್ಷೆ ಕೊಟ್ಟು, ಅದರಲ್ಲಿ ಇಲ್ಲದ ಮಹಡಿ ಏರಿಸಿ, ಮುಂದೆ ಅಕ್ರಮ-ಸಕ್ರಮದಲ್ಲಿ ನೋಡಿಕೊಂಡರಾಯಿತು ಅಂತ ಸುಮ್ಮನಿರೋದು. ಇಲ್ಲಿ ದಂಡ ಕಟ್ಟಿದರೂ ಬಿಡುವುದಿಲ್ಲ. ಕಟ್ಟಿಸಿದ್ದು ಹಿಂದಿನ ಮಾಲೀಕನೇ ಇರಲಿ, ನೋಟಿಸ್ ಬರೋದು ಈಗ ಮನೆ ಯಾರ ಹೆಸರಲ್ಲಿದೆಯೋ ಅವರಿಗೆ.

ನಮ್ಮದೂ ಅದೇ ಕಥೆ. ಗ್ಯಾರೇಜ್ ರೂಮಿನ ಮನೆ, ಯಾರೋ ದೂರು ಕೊಟ್ಟರು, ಬಾಗಿಲಿಗೆ ಕಾಗದ ಅಂಟಿಸಿ ಹೋದರು. ಕೋಡ್ ಎನ್‌ಫೋರ್ಸ್‌ಮೆಂಟ್‌ನವರು, ಅಂದರೆ ನಿಯಮ ಪಾಲಿಸಿದ್ದಾರಾ ಅಂತ ನೋಡುವ ಸಿಟಿಯವರು, ಬರೋದು ಹೆಚ್ಚಾಗಿ ದೂರು ಬಂದ ಮೇಲೇನೇ (ಹುಲ್ಲು ಜಾಸ್ತಿ ಬೆಳೆದಿದ್ದಕ್ಕೂ ಬರುತ್ತಾರೆ, ಅದು ಬೇರೆ ಮಾತು). ಆಮೇಲೆ ಪರ್ಮಿಟ್ ಮಾಡಿಸೋಕೆ ಪ್ಲಾನ್ ಬರೆಸಿ, ಫೀ ಕಟ್ಟಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹಿಡಿದದ್ದಾಯಿತು, ಆದರೆ ವೈರಿಂಗ್ ಕಾಣಬೇಕಲ್ಲ, ಹಾಗಾಗಿ ಪೇಂಟ್ ಮಾಡಿದ್ದ ಚೆಂದದ ಡ್ರೈವಾಲ್ (ಗೋಡೆಗೆ ಹೊಡೆಯುವ ಜಿಪ್ಸಮ್ ಹಲಗೆ) ಬಿಚ್ಚಿಸಿದರು. ಒಳಗೆ ನೋಡಿದರೆ ವೈರ್ ಜೋಡಿಸುವ ಕಡೆ ಇರಬೇಕಾದ ಬಾಕ್ಸೇ ಇಲ್ಲ, ಎರಡು ವೈರ್ ತಿರುಚಿ ಟೇಪ್ ಸುತ್ತಿ ಹಾಗೇ ಬಿಟ್ಟಿದ್ದಾರೆ, ಟೇಪ್ ಕರಗಿ ಕಟ್ಟಿಗೆಗೆ ಅಂಟಿದೆ. ಅದರ ಪಕ್ಕದಲ್ಲೇ ಮಗು ಮಲಗುತ್ತಿತ್ತು. ಇನ್‌ಸ್ಪೆಕ್ಟರ್ ಮೇಲಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಇನ್ನರ್ಧ ಇವತ್ತಿಗೂ ಇಳಿದಿಲ್ಲ. ಮೊದಲು ಬಂದವನು ಕಿಟಕಿ ಸರಿಯಿದೆ ಅಂದ, ಆಮೇಲೆ ಬಂದವನು ಟೇಪ್ ಹಿಡಿದು ಅಳೆದ. ಬೆಂಕಿ ಬಿದ್ದರೆ ಹೊರಗೆ ಹಾರೋಕೆ ಬೆಡ್‌ರೂಮ್ ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿನೊಳಗೆ ಇರಬೇಕು, ನಮ್ಮದು ಮೇಲಿತ್ತು. ನಿಯಮ ಸರಿಯೇ, ಆದರೆ ಮೊದಲೇ ಹೇಳಿದ್ದರೆ ಹೊಸದಾಗಿ ಮುಚ್ಚಿದ ಗೋಡೆಯನ್ನು ಮತ್ತೆ ಕೊಯ್ಯೋದು ತಪ್ಪುತ್ತಿತ್ತಲ್ವಾ? ವಾದ ಮಾಡಿ ನೋಡಿದೆ, ಗೋಡೆ ಕೊಯ್ಯೋದೇ ಆಯಿತು. ಹಾಂ, ಚಹಾಕ್ಕೆ ಅಂತ ಕೈಗೆ ಏನಾದರೂ ಕೊಡೋ ಯೋಚನೆ ಕನಸಲ್ಲೂ ಬೇಡ, ಕೇಸ್ ಆಗುತ್ತೆ.

ಈಗ ನಿನ್ನ ವಿಷಯ. ಟೆಕ್ಸಾಸ್‌ನಲ್ಲಿ ಮನೆ ಮಾರುವವರು ತುಂಬುವ ಡಿಸ್‌ಕ್ಲೋಷರ್ ಫಾರ್ಮಿನಲ್ಲಿ ಪರ್ಮಿಟ್ ಇಲ್ಲದೆ ಏನಾದರೂ ಕಟ್ಟಿಸಿದ್ದೀರಾ ಅಂತ ಪ್ರಶ್ನೆಯೇ ಇದೆ, ಓದು. ಅಷ್ಟನ್ನೇ ನಂಬಬೇಡ. ಅಡ್ರೆಸ್ ಹಿಡಿದುಕೊಂಡು ಸಿಟಿಯ ಪರ್ಮಿಟ್ ಕೌಂಟರ್‌ಗೆ ಹೋಗಿ ಹಳೆ ರೆಕಾರ್ಡ್ ಕೇಳು. ಪರ್ಮಿಟ್ ತಗೊಂಡಿದ್ದಾರೆ ಅಂದರೆ ಸಾಲದು, ಫೈನಲ್ ಇನ್‌ಸ್ಪೆಕ್ಷನ್ ಪಾಸ್ ಆಗಿರಬೇಕು. ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಇದ್ದರೆ ಅವರ ಒಪ್ಪಿಗೆ ಬೇರೆ. ಇದೆಲ್ಲ ಆಪ್ಷನ್ ಪೀರಿಯಡ್ (ಒಪ್ಪಂದ ಆದ ಮೇಲೂ ಮನಸ್ಸು ಬದಲಿಸೋಕೆ ಇರುವ ಕೆಲವು ದಿನ) ಮುಗಿಯೋದರೊಳಗೆ ಆಗಬೇಕು, ಅಷ್ಟರೊಳಗಾದರೆ ಬೇಡ ಅಂತ ಹೊರಗೆ ಬರಬಹುದು. ಪರ್ಮಿಟ್ ಇಲ್ಲ, ಆದರೂ ಮನೆ ಬೇಕೇ ಬೇಕು ಅನಿಸಿದರೆ, ಅದನ್ನು ರೂಮ್ ಅಂತ ಹಿಡಿಯದೆ ಗ್ಯಾರೇಜ್ ಅಂತಲೇ ಲೆಕ್ಕ ಹಾಕಿ ರೇಟ್ ಮಾತಾಡು.