ಪಾನಾ-ಪಕ್ಕಡ್: ಟಂಕಿಯೊಳಗಿನ ಜಂಗು

ಪ್ರಶ್ನೆ: ಮಿಸ್ತ್ರಿ ಕಾಕಾ, ನಮ್ಮಪ್ಪ 1986ರಲ್ಲಿ ತಗೊಂಡ ಯೆಜ್ಡಿ ಬೈಕು ಒಂಬತ್ತು ವರ್ಷದಿಂದ ದನದ ಕೊಟ್ಟಿಗೆಯಲ್ಲಿ ತೊಗರಿ ಹೊಟ್ಟಿನ ಚೀಲಗಳ ಹಿಂದೆ ನಿಂತಿತ್ತು. ಹೊರಗೆ ತೆಗೆದು ಪ್ಲಗ್ ಬದಲಿಸಿ, ಹೊಸ ಪೆಟ್ರೋಲ್ ಹಾಕಿ ಕಿಕ್ ಹೊಡೆದರೆ ಚಾಲೂ ಆಯಿತು. ಆದರೆ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಬಂದ್. ರಿಸರ್ವಿಗೆ ತಿರುವಿದರಂತೂ ನಿಂತಲ್ಲೇ ಬಂದ್. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಪೆಟ್ರೋಲ್ ಟಂಕಿಯೊಳಗೆಲ್ಲ ಜಂಗು (ತುಕ್ಕು). ಒಬ್ಬರು ಹುಣಸಿಹಣ್ಣಿನ ನೀರು ಹಾಕು ಅಂತಾರೆ, ಇನ್ನೊಬ್ಬರು ಪಾಯಖಾನೆ ತೊಳೆಯುವ ಆ್ಯಸಿಡ್ ಅಂತಾರೆ, ಗೆಳೆಯನೊಬ್ಬ ಖಡಿ (ಜಲ್ಲಿ) ಹಾಕಿ ಅಲ್ಲಾಡಿಸು ಅಂತಾನೆ. ಹೊಸ ಟಂಕಿಯನ್ನೇ ತಂದುಬಿಡಲೇ?
– ಓದುಗ, ಭಾಲ್ಕಿ

ಉತ್ತರ: ಕಡ್ಡಿ ಗೀರಿ ಇಣುಕಲಿಲ್ಲವಲ್ಲ ತಮ್ಮಾ, ಅದೇ ಪುಣ್ಯ. ಹಾಗೆ ಇಣುಕಿ ಹುಬ್ಬು ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಹೊಸ ಟಂಕಿಯ ಮಾತು ಸದ್ಯಕ್ಕೆ ಬಿಡು. ನಿನ್ನ ಗಾಡಿ ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಅನ್ನುವ ಹೆಸರು ಮತ್ತೆ ಬಂತು ಖರೆ, ಆದರೆ ಆ ಗಾಡಿಯೇ ಬೇರೆ, ಅದರ ಟಂಕಿ ನಿನ್ನದಕ್ಕೆ ಕೂಡುವುದಿಲ್ಲ. ಅಪ್ಪನ ಟಂಕಿ ಸೋರುತ್ತಿಲ್ಲ ಅಂದರೆ ಅದನ್ನೇ ಉಳಿಸಿಕೊ.

ರಿಸರ್ವಿಗೆ ತಿರುವಿದ ಕೂಡಲೇ ನಿಲ್ಲುತ್ತದೆ ಅಂದೆಯಲ್ಲ, ಅರ್ಧ ರೋಗ ಅಲ್ಲೇ ಗೊತ್ತಾಯಿತು. ಟಂಕಿಯ ತಳದಲ್ಲಿ ಪೆಟ್ರೋಲ್ ಬಿಡುವ ನಲ್ಲಿ ಇದೆಯಲ್ಲ, ಅದೇ ಕಾಕ್. ಕಾಕ್‌ನ ಒಳಗೆ ಎರಡು ದಾರಿ ಇರುತ್ತವೆ. ಉದ್ದ ನಳಿಗೆ ಮೇಲಿನ ಪೆಟ್ರೋಲನ್ನು ಎಳೆಯುತ್ತದೆ, ಗಿಡ್ಡದು ತಳದ್ದನ್ನು. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ಜಂಗಿನ ಪುಡಿಯೂ ನೀರೂ ಕೂಡಿ ತಳ ಹಿಡಿದು ಕೂತಿರುತ್ತವೆ. ರಿಸರ್ವಿಗೆ ತಿರುವಿದೆ ಅಂದರೆ ಆ ರಾಡಿಯನ್ನೇ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಬಿಟ್ಟ ಹಾಗೆ.

ಆ ನೀರು ಎಲ್ಲಿಂದ ಬಂತು? ಯಾರೂ ಹಾಕಿದ್ದಲ್ಲ. ಖಾಲಿ ಟಂಕಿ ಮುಚ್ಚಳದ ಸಣ್ಣ ತೂತಿನಿಂದ ಉಸಿರಾಡುತ್ತದೆ. ಹಗಲು ಬಿಸಿಲಿಗೆ ಗಾಳಿ ಉಬ್ಬಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ಹಸಿ ಗಾಳಿ ಒಳಗೆ ಬಂದು ತಗಡಿಗೆ ಬೆವರಿನ ಹಾಗೆ ಕೂಡುತ್ತದೆ. ಮಳೆಗಾಲದಲ್ಲಿ, ನಿಮ್ಮ ಬೀದರ್ ಕಡೆಯ ಥಂಡಿ ರಾತ್ರಿಗಳಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಜಂಗು ತಳಕ್ಕಷ್ಟೇ ಅಲ್ಲ, ಟಂಕಿಯ ಮಾಳಿಗೆಗೂ ಹತ್ತಿರುತ್ತದೆ. ಮೊಬೈಲಿನಲ್ಲಿ ಅದು ಕಾಣಿಸುವುದಿಲ್ಲ. ಬಾಯಿಯಿಂದ ಬೆರಳು ಹಾಕಿ ಮೇಲಿನ ತಗಡು ಸವರಿ ನೋಡು, ಉಗುರೆಲ್ಲ ಕಾವಿ ಬಣ್ಣವಾಗುತ್ತದೆ.

ಈಗ ಕೆಲಸ. ಪೆಟ್ರೋಲ್ ಇಳಿಸುವುದು ಬಯಲಲ್ಲಿ, ಒಲೆಯಿಂದ ದೂರ. ಕಾಕ್ ಬಿಚ್ಚು, ಮುಚ್ಚಳ ತೆಗೆ. ಕಾಕ್‌ನ ತೂತಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟು, ಮೇಲೊಂದು ತಗಡು ಕೂರಿಸಿ ಬಿಗಿ. ಕಾಕನ್ನು ಹಾಗೇ ಬಿಟ್ಟು, ಜಂಗು ಕರಗಿಸಲು ಮುಂದೆ ಹೇಳುವ ಹುಳಿ ನೀರು ಹಾಕಿದರೆ ಕಾಕ್ ಹೋಯಿತು ಅಂತ ತಿಳಿ. ಅದರ ಮೈ ಬಹುಮಟ್ಟಿಗೆ ಸತುವಿನ ಎರಕ ಇಲ್ಲವೇ ಅಲ್ಯೂಮಿನಿಯಂ. ನಿಮ್ಮ ಜಿಲ್ಲೆಯ ಬಿದರಿ ಹೂಜಿಯೂ ಸತುವಿನದೇ, ತಾಮ್ರ ಸ್ವಲ್ಪ. ಬಿದರಿ ಕೆಲಸದವರು ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಅದನ್ನು ಅದ್ದಿ ಕಪ್ಪು ಮಾಡುವಾಗ ಬೆಳ್ಳಿಯ ಕುಸುರಿಗೆ ಏನೂ ಆಗುವುದಿಲ್ಲ, ಸತು ಮಾತ್ರ ಕಪ್ಪಾಗುತ್ತದೆ. ಯಾವ ರಸ ಯಾವ ಲೋಹವನ್ನು ಹಿಡಿಯುತ್ತದೆ ಅನ್ನುವುದು ಅವರಿಗೆ ಗೊತ್ತು. ನಮ್ಮ ಗ್ಯಾರೇಜ್ ಹುಡುಗರು ಅದನ್ನು ಯೋಚಿಸುವುದೇ ಇಲ್ಲ.

ಎಲ್ಲರೂ ಬಿಟ್ಟುಬಿಡುವ ಕೆಲಸ ಇನ್ನೊಂದು ಇದೆ. ನಿನ್ನದು ಪೆಟ್ರೋಲಿಗೆ ಎಣ್ಣೆ ಬೆರೆಸುವ ಗಾಡಿ. ಒಂಬತ್ತು ವರ್ಷದಲ್ಲಿ ಪೆಟ್ರೋಲ್ ಹಾರಿ ಹೋಗಿ, ಎಣ್ಣೆ ಅಂಟಾಗಿ ಜಂಗಿನ ಮೇಲೆ ಹೊದಿಕೆ ಹಾಕಿರುತ್ತದೆ. ಅದರ ಮೇಲೆ ಏನು ಸುರಿದರೂ ತಾವರೆ ಎಲೆಯ ಮೇಲೆ ನೀರು ಸುರಿದ ಹಾಗೆ. ಮೊದಲು ಅರ್ಧ ಲೀಟರ್ ಡೀಸೆಲ್ ಹಾಕಿ ಚೆನ್ನಾಗಿ ಕುಲುಕಿ ತೆಗೆ. ಆಮೇಲೆ ಬಿಸಿನೀರು, ಬಟ್ಟೆ ತೊಳೆಯುವ ಪುಡಿ. ಎರಡು ಸಲ, ಮೂರು ಸಲ. ಒಳಗೆ ಹಾಕಿದ ನೀರು ಮಣಿಮಣಿಯಾಗಿ ಉರುಳದೆ ತಗಡಿಗೆ ಹಾಳೆಯ ಹಾಗೆ ಹರಡಿತು ಅಂದರೆ ಎಣ್ಣೆ ಹೋಯಿತು. ತೆಗೆದ ಡೀಸೆಲನ್ನು ಗಟಾರಿಗೆ ಬಿಡಬೇಡ.

ಖಡಿ ಬೇಡ. ಖಡಿಯ ಚೂರು ಒಡೆದು ಹೊಲಿಗೆಯ ಸಂದಿಗೆ ಸೇರಿದರೆ ಅದನ್ನು ಹೊರಗೆ ತೆಗೆಯಲು ನಿನ್ನ ಆಯುಷ್ಯ ಸಾಲದು. ಹಳೇ ನಟ್‌ಗಳನ್ನು ಹಾಕು, ಆದರೆ ಎಣಿಸಿ ಹಾಕು. ನಾನು ಒಮ್ಮೆ ನಲವತ್ತು ಹಾಕಿ ಮೂವತ್ತೊಂಬತ್ತು ತೆಗೆದೆ. ಉಳಿದ ಒಂದಕ್ಕಾಗಿ ಟಂಕಿಯನ್ನು ತಲೆಕೆಳಗು ಮಾಡಿ ಮಗುವನ್ನು ತೂಗಿದ ಹಾಗೆ ಒಂದು ಮಧ್ಯಾಹ್ನ ಪೂರ್ತಿ ತೂಗಿದ್ದೇನೆ. ಅದು ಖಣ್ ಅಂತ ಸದ್ದು ಮಾಡುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಕೊನೆಗೆ ಹಳೇ ಸ್ಪೀಕರಿನ ಅಯಸ್ಕಾಂತವನ್ನು ಹೊರಗಿನಿಂದ ಹಿಡಿದು, ಎಳೆದುಕೊಂಡು ಬಾಯಿತನಕ ತಂದೆ. ಆವತ್ತಿನಿಂದ ನಾನು ನಟ್ ಬಿಟ್ಟು ಸಣ್ಣ ಸರಪಳಿ ಹಾಕುತ್ತೇನೆ, ಒಂದು ತುದಿಗೆ ತಂತಿ ಕಟ್ಟಿ ಹೊರಗೆ ಬಿಟ್ಟು. ಹೋಗುವಾಗಲೂ ಒಂದೇ, ಬರುವಾಗಲೂ ಒಂದೇ.

ಪಾಯಖಾನೆ ಆ್ಯಸಿಡ್ ಅಂತೂ ಬೇಡವೇ ಬೇಡ. ನಾನು ಹೊಸದಾಗಿ ಕೆಲಸ ಕಲಿತಾಗ ಗಿರಾಕಿಯೊಬ್ಬರ ರಾಜದೂತಿಗೆ ಅದನ್ನೇ ಸುರಿದು ಚಹಾ ಕುಡಿಯಲು ಹೋಗಿದ್ದೆ. ಬಂದು ನೋಡಿದರೆ ಒಳಗೆ ಬೆಳ್ಳಿ ತಾಟಿನ ಹಾಗೆ ಫಳಫಳ. ಖುಷಿಯಿಂದ ಪೆಟ್ರೋಲ್ ತುಂಬಿದೆ. ತಳದ ಹೊಲಿಗೆಯಲ್ಲಿ ಸೂಜಿಮೊನೆಯಷ್ಟು ನಾಲ್ಕು ಕಡೆ ಹನಿ ಕಾಣಿಸಿತು. ಜಂಗು ತಿಂದು ಮುಗಿಸಿದ ಆ್ಯಸಿಡ್ ತಗಡಿಗೂ ಬಾಯಿ ಹಾಕಿತ್ತು. ಟಂಕಿಯ ದುಡ್ಡು ನನ್ನ ಪಗಾರದಲ್ಲಿ ಮೂರು ತಿಂಗಳು ಕಡಿತವಾಯಿತು. ಅದರ ಹೊಗೆಗೆ ಪಕ್ಕದಲ್ಲಿಟ್ಟ ಪಾನಾಗಳಿಗೂ ಮರುದಿನ ಜಂಗು ಹಿಡಿದಿತ್ತು.

ಹುಣಸಿಹಣ್ಣು ಹೇಳಿದವರು ತಪ್ಪು ಹೇಳಿಲ್ಲ. ಅದರ ಹುಳಿ ಜಂಗನ್ನು ಕರಗಿಸುತ್ತದೆ, ಆದರೆ ನಿಧಾನ, ಮೇಲಾಗಿ ಅದರ ನಾರು, ರವೆ ಎಲ್ಲ ಒಳಗೇ ಉಳಿಯುತ್ತವೆ. ಅದರ ಬದಲು ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಬಿಳೀ ಹರಳು ಸಿಗುತ್ತದೆ, ಸಿಟ್ರಿಕ್ ಆ್ಯಸಿಡ್. ಒಂದು ಲೀಟರ್ ಬಿಸಿನೀರಿಗೆ 60ರಿಂದ 70 ಗ್ರಾಂ. ಹತ್ತು ಲೀಟರ್ ಹಿಡಿಯುವ ಟಂಕಿಗೆ 700 ಗ್ರಾಂ ಅಂದುಕೊ. ಬಾಯಿತನಕ ತುಂಬಬೇಕು, ಇಲ್ಲದಿದ್ದರೆ ಮಾಳಿಗೆಯ ಜಂಗು ಹಾಗೇ ಉಳಿಯುತ್ತದೆ. ಮುಚ್ಚಳ ಬಿಗಿಯಬೇಡ, ಒಳಗೆ ಗಾಳಿಗುಳ್ಳೆ ಏಳುತ್ತವೆ. ಬಣ್ಣದ ಮೇಲೆ ಚೆಲ್ಲದ ಹಾಗೆ ಹೊರಮೈಗೆ ಪ್ಲಾಸ್ಟಿಕ್ ಸುತ್ತು. ಹಾಂ, ಶಹಾಬಾದ್ ಫರಸಿಯ ಮೇಲೆ ಇಟ್ಟು ಮಾಡಬೇಡ. ಅದು ಸುಣ್ಣದ ಕಲ್ಲು, ಹುಳಿ ಬಿದ್ದಲ್ಲಿ ಚುಸ್ ಅಂತ ನೊರೆ ಎದ್ದು ಬಿಳೀ ಕಲೆ ಬೀಳುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ಅಂಥ ಕಲೆ ಮೂರಿವೆ, ಅದಕ್ಕಾಗಿ ಮನೆಯಾಕೆ ಇವತ್ತಿಗೂ ಬಯ್ಯುತ್ತಾಳೆ.

ರಾತ್ರಿ ತುಂಬಿಟ್ಟು ಬೆಳಿಗ್ಗೆ ನೋಡು. ನೀರು ಹಳದಿ ಹಸಿರಾಗಿ, ಆಮೇಲೆ ಕರಿ ಚಹಾದ ಬಣ್ಣಕ್ಕೆ ಬಂದಿರುತ್ತದೆ. ತಗಡು ಮಾಸಲು ಬೂದಿ ಬಣ್ಣಕ್ಕೆ ತಿರುಗಿದ್ದರೆ ಸಾಕು, ಕನ್ನಡಿ ಮಾಡುವ ಆಸೆ ಬೇಡ. ಉಳಿದಿದ್ದರೆ ಹೊಸ ನೀರಲ್ಲಿ ಇನ್ನೊಂದು ಸಲ ಹಾಕು. ಒಂದೇ ನೀರನ್ನು ಎರಡು ಮೂರು ದಿನ ಬಿಟ್ಟರೆ ಇದೂ ತಗಡನ್ನು ತಿನ್ನುತ್ತದೆ.

ಇಲ್ಲಿಂದ ಮುಂದಿನ ಹದಿನೈದು ನಿಮಿಷದಲ್ಲೇ ಹೆಚ್ಚಿನ ಟಂಕಿಗಳು ಕೆಡುವುದು. ಜಂಗು ಹೋದ ಹಸಿ ತಗಡು ಬಾಣಂತಿಯ ಮೈ ಇದ್ದ ಹಾಗೆ, ಗಾಳಿ ತಾಗಿದರೆ ಆಗದು. ಹುಳಿ ನೀರು ಚೆಲ್ಲಿ ಬೀಡಿ ಸೇದಿ ಬರುವಷ್ಟರಲ್ಲಿ ಒಳಗೆ ಕಿತ್ತಳೆ ಬಣ್ಣದ ಹೊಸ ಜಂಗು ತೆಳ್ಳಗೆ ಹಾಸಿರುತ್ತದೆ. ಹಾಗಾಗಿ ಎಲ್ಲವನ್ನೂ ಮೊದಲೇ ಹೊಂದಿಸಿಟ್ಟುಕೊ: ಒಂದು ಬಕೆಟ್ ನೀರಲ್ಲಿ ಮುಷ್ಟಿ ಅಡಿಗೆ ಸೋಡಾ ಕರಗಿಸಿದ್ದು, ಅರ್ಧ ಲೀಟರ್ ಸ್ಪಿರಿಟ್, ಪೆಟ್ರೋಲಿಗೆ ಬೆರೆಸುವ ಟೂ-ಟಿ ಎಣ್ಣೆ. ಹುಳಿ ಚೆಲ್ಲಿದ ಕೂಡಲೇ ಸೋಡಾ ನೀರು, ಅದು ಚೆಲ್ಲಿದ ಕೂಡಲೇ ಒಂದು ಸಲ ಬಿಸಿ ನೀರು, ಅದರ ಬೆನ್ನಿಗೇ ಸ್ಪಿರಿಟ್. ಉಳಿದ ನೀರನ್ನು ಸ್ಪಿರಿಟ್ ತನ್ನ ಜೊತೆ ಎಳೆದುಕೊಂಡು ಬರುತ್ತದೆ. ಆಮೇಲೆ ಬಿಸಿಲು. ಮೇ ತಿಂಗಳ ಕಲಬುರಗಿ ಬಿಸಿಲನ್ನು ಬಯ್ಯದವರಿಲ್ಲ, ನಾನೊಬ್ಬ ಅದಕ್ಕೆ ಕೈ ಮುಗಿಯುತ್ತೇನೆ. ಮಾಳಿಗೆಯ ಮೇಲೆ ಟಂಕಿ ಬಾಯಿ ತೆರೆದಿಟ್ಟರೆ ಹತ್ತು ನಿಮಿಷಕ್ಕೆ ಮುಟ್ಟಲಾಗದಷ್ಟು ಕಾಯುತ್ತದೆ, ನೀರು ಅನ್ನುವುದು ಉಳಿಯುವುದಿಲ್ಲ. ಮಳೆಗಾಲವಾದರೆ ಸೈಕಲ್ ಪಂಪಿನಿಂದ ಗಾಳಿ ಹೊಡೆ. ಸ್ಪಿರಿಟ್ ವಾಸನೆ ಇರುವತನಕ ಹೇರ್ ಡ್ರೈಯರ್ ಹತ್ತಿರ ತರಬೇಡ. ಒಣಗಿದ ಮೇಲೆ ಕಾಲು ಲೀಟರ್ ಟೂ-ಟಿ ಎಣ್ಣೆ ಹಾಕಿ ಎಲ್ಲ ಮೂಲೆಗೂ ಹತ್ತುವ ಹಾಗೆ ಹೊರಳಿಸಿ, ಉಳಿದದ್ದನ್ನು ಬಸಿದುಬಿಡು.

ಟಂಕಿ ಕೂರಿಸುವ ಮೊದಲು ಕಾರ್ಬುರೇಟರ್ ಬಿಚ್ಚಿ ತಳದ ಬಟ್ಟಲಿನ ಕೆಸರು ತೊಳೆ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿಗೆ ಗಾಳಿ ಹೊಡೆ. ಪೈಪಿನ ನಡುವೆ ಪಾರದರ್ಶಕ ಫಿಲ್ಟರ್ ಹಾಕು. ಅದರಲ್ಲಿ ಕೆಂಪು ಪುಡಿ ಕೂಡುವುದು ಕಾಣಿಸಿದರೆ ಬದಲಿಸು. ಮೊದಲ ತಿಂಗಳು ಎರಡು ಸಲ ಬದಲಿಸಬೇಕಾದೀತು, ಗಾಬರಿ ಬೇಡ.

ಪ್ರಶ್ನೆ: ಟಂಕಿ ತೊಳೆಸಿದ ಮೇಲೆ ಒಳಗೆ ಲೇಪ ಹಾಕಿಸಿ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಹಾಕಿಸಬೇಕೇ? ಗಾಡಿ ಆರ್‌ಎಕ್ಸ್ 100, ವಾರಕ್ಕೊಮ್ಮೆ ಓಡಿಸುತ್ತೇನೆ.
– ಶಿಕ್ಷಕಿ, ಶಹಾಪುರ

ಉತ್ತರ: ಸೋರದ ಟಂಕಿಗೆ ಬೇಡ ಅಕ್ಕಾವ್ರೇ. ಎಪಾಕ್ಸಿ ಲೇಪ ಒಳ್ಳೆಯದೇ, ಆದರೆ ಎಣ್ಣೆಯ ಪಸೆ ಇಲ್ಲವೇ ಹಸಿ ಎಲ್ಲಾದರೂ ಉಳಿದಿದ್ದರೆ ಒಂದೆರಡು ವರ್ಷಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಜಂಗಿನ ಪುಡಿಯನ್ನಾದರೂ ಫಿಲ್ಟರ್ ತಡೆಯುತ್ತದೆ, ಎದ್ದ ಹಪ್ಪಳ ಕಾಕ್‌ನ ಬಾಯಿಯನ್ನೇ ಮುಚ್ಚುತ್ತದೆ. ಹಾಕಿಸಲೇಬೇಕು ಅಂದರೆ ಎಥೆನಾಲ್ ತಡೆಯುವ ಲೇಪವೋ ಅಂತ ಡಬ್ಬಿ ತರಿಸಿ ಓದಿರಿ. 2023ರ ಫೆಬ್ರುವರಿಯಿಂದ ನಮ್ಮ ದೇಶದ ಬಂಕುಗಳಿಗೆ 20 ಪ್ರತಿಶತ ಎಥೆನಾಲ್ ಬೆರೆಸಿದ ಪೆಟ್ರೋಲ್ ಬರತೊಡಗಿದೆ, ಹಳೇ ಕಾಲದ ಕೆಲವು ಲೇಪಗಳು ಅದಕ್ಕೆ ಕರಗುತ್ತವೆ. ಎಥೆನಾಲ್ ಗಾಳಿಯ ಹಸಿಯನ್ನೂ ಹೀರುತ್ತದೆ, ನೀರು ಹೆಚ್ಚಾದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ವಾರಕ್ಕೊಮ್ಮೆ ಓಡಿಸುವವರು ಟಂಕಿಯನ್ನು ತುಂಬಿಯೇ ಇಡಬೇಕು, ಒಳಗೆ ಗಾಳಿಗೆ ಹೆಚ್ಚು ಜಾಗ ಇರಬಾರದು. ಎರಡು ತಿಂಗಳು ನಿಲ್ಲಿಸುವುದಿದ್ದರೆ ಪೂರ್ತಿ ಇಳಿಸಿ, ಒಳಗೆ ಎಣ್ಣೆ ಸವರಿ ಇಡಿರಿ. ಅರ್ಧ ಟಂಕಿ ಬಿಟ್ಟು ರಜೆಗೆ ಊರಿಗೆ ಹೋಗಬೇಡಿ.

ಪ್ರಶ್ನೆ: ಟಂಕಿಯ ತಳದಲ್ಲಿ ಸಣ್ಣ ತೂತು. ಪೆಟ್ರೋಲ್ ಪೂರ್ತಿ ಇಳಿಸಿದ್ದೇನೆ. ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಹಚ್ಚಿಸಬಹುದೇ?
– ಓದುಗ, ಸೇಡಂ

ಉತ್ತರ: ಇಳಿಸಿದ ಟಂಕಿಯೇ ಹೆಚ್ಚು ಅಪಾಯ. ತುಂಬಿದ್ದರಲ್ಲಿ ಗಾಳಿ ಕಡಿಮೆ, ಖಾಲಿಯಲ್ಲಿ ಗಾಳಿಯೂ ಪೆಟ್ರೋಲ್ ಆವಿಯೂ ಬೆರೆತು ಬಾಂಬ್ ಆಗಿರುತ್ತದೆ. ರೇಡಿಯೇಟರ್, ಟಂಕಿ ಕೆಲಸವನ್ನೇ ಮಾಡುವ ಅನುಭವಿಗಳ ಹತ್ತಿರ ಒಯ್ಯಿರಿ. ಅವರು ಮೊದಲು ಸೋಪು ಹಾಕಿ ಬಿಸಿನೀರಲ್ಲಿ ಹಲವು ಸಲ ತೊಳೆದು, ನೀರು ತುಂಬಿಸಿ, ಬೆಸುಗೆ ಹಾಕುವ ಜಾಗವನ್ನಷ್ಟೇ ನೀರಿನ ಮೇಲೆ ಬಿಟ್ಟು ಕೆಲಸ ಮಾಡುತ್ತಾರೆ. ತೊಳೆಯುವ ಮಾತೇ ಎತ್ತದೆ ನೇರ ಕಿಡಿ ಹಚ್ಚಲು ಬಂದರೆ ಟಂಕಿ ಎತ್ತಿಕೊಂಡು ಮನೆಗೆ ಬನ್ನಿರಿ. ಮುಂದೆ ದಾರಿಯಲ್ಲಿ ಎಲ್ಲಾದರೂ ಹೀಗೆ ಸೋರತೊಡಗಿದರೆ ಬಟ್ಟೆ ಸೋಪಿನ ತುಂಡನ್ನು ತೂತಿಗೆ ತಿಕ್ಕಿ ಒತ್ತಿರಿ. ಸೋಪು ಪೆಟ್ರೋಲಿಗೆ ಕರಗುವುದಿಲ್ಲ, ಮನೆ ಮುಟ್ಟುವತನಕ ತಡೆಯುತ್ತದೆ.