ಪ್ರತಿಕ್ರಿಯೆ: ಪ್ಲಿಯೆ ಮಾಡುವಾಗ ಮಂಡಿಯ ಒಳಬದಿ ನೋವು

ಬ್ಯಾಲೆ ನೃತ್ಯದ ಪ್ಲಿಯೆಯಲ್ಲಿ (ಮಂಡಿ ಮಡಚಿ ಕೆಳಗಿಳಿಯುವ ಚಲನೆ) ಮಂಡಿಯ ಒಳಬದಿ ನೋಯುತ್ತದೆ, ಪಾದ ಒಳಕ್ಕೆ ವಾಲುತ್ತದೆ ಎಂದಿದ್ದೀರಿ. ಟರ್ನ್‌ಔಟ್ (ಕಾಲುಗಳನ್ನು ಹೊರಕ್ಕೆ ತಿರುಗಿಸುವುದು) ಸೊಂಟದ ಕೀಲಿನಿಂದ ಬರದೆ, ನೆಲಕ್ಕೆ ಒತ್ತಿ ತಿರುಗಿಸಿದ ಪಾದದಿಂದ ಬಂದಾಗ ಹೀಗಾಗುವುದೇ ಹೆಚ್ಚು; ತಿರುಚುವ ಒತ್ತಡ ಮಂಡಿಗೆ ಬೀಳುತ್ತದೆ.

ಕನ್ನಡಿ ಮುಂದೆ ಫಸ್ಟ್ ಪೊಸಿಷನ್‌ನಲ್ಲಿ (ಹಿಮ್ಮಡಿ ಜೋಡಿಸಿ, ಪಾದಗಳನ್ನು ಹೊರಕ್ಕೆ ತಿರುಗಿಸಿದ ನಿಲುವು) ನಿಂತು ಡೆಮಿ-ಪ್ಲಿಯೆ, ಅಂದರೆ ಹಿಮ್ಮಡಿ ಎತ್ತದೆ ಅರ್ಧ ಪ್ಲಿಯೆ ಮಾಡಿ. ಮಂಡಿಚಿಪ್ಪು ಎರಡನೇ ಬೆರಳಿನ ನೇರಕ್ಕೆ ಬರುವಷ್ಟು ಪಾದಗಳ ಕೋನ ಕಡಿಮೆ ಮಾಡಿ. ಪಾದಗಳು ಒಂದೇ ಸರಳರೇಖೆಗೆ ಬರುವ 180 ಡಿಗ್ರಿಯ ಆಸೆ ಸದ್ಯಕ್ಕೆ ದಯವಿಟ್ಟು ಬಿಡಿ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ ಮೂರರ ಮೇಲೂ ಭಾರವಿರಲಿ.

ಬಲ ಬರಲು, ಪಕ್ಕಕ್ಕೆ ಮಲಗಿ ಮಂಡಿ ಮಡಚಿ, ಹಿಮ್ಮಡಿಗಳನ್ನು ಜೋಡಿಸಿಟ್ಟು ಮೇಲಿನ ಮಂಡಿಯನ್ನಷ್ಟೇ ಎತ್ತಿ, ನಿಧಾನವಾಗಿ ಇಳಿಸಿ. ಪ್ರತಿ ಬದಿಗೆ 12ರಂತೆ ಎರಡು ಸುತ್ತು, ವಾರಕ್ಕೆ ಮೂರು ದಿನ. ಸೊಂಟ ಹಿಂದಕ್ಕೆ ಉರುಳಿದರೆ ಪ್ರಯೋಜನವಿಲ್ಲ, ಕೈಯಿಟ್ಟು ಗಮನಿಸುತ್ತಿರಿ.

ಮಂಡಿ ಊದಿದರೆ ಅಥವಾ ಸಿಕ್ಕಿಕೊಂಡಂತಾದರೆ ಎಲ್ಲ ನಿಲ್ಲಿಸಿ ಮೂಳೆತಜ್ಞರಿಗೆ ತೋರಿಸಿ.